ಗೋಡೆಯ ಮೇಲೆ ಅವನಲ್ಲದ ಅವನು

"ಹಾಗೇ ಇರಿ... ಇಳೀಬೇಡಿ."

ಜಿಮ್ಮಿನ ಕಂಬಿ ಹಿಡಿದು ನೇತಾಡುತ್ತಿದ್ದವನಿಗೆ ಬೆನ್ನ ಹಿಂದಿನಿಂದ ಕೇಳಿಸಿದ ಹೆಣ್ಣುದನಿ ಅದು. ತಿರುಗಿ ನೋಡುವಂತಿರಲಿಲ್ಲ. ನೇತಾಡುವವನು ಕತ್ತು ತಿರುಗಿಸಿದರೆ ಮೈ ತಿರುಗುತ್ತದೆ, ಮೈ ತಿರುಗಿದರೆ ಕೈ ಜಾರುತ್ತದೆ.

"ಎಷ್ಟು ಹೊತ್ತು ಇರ್ಬೇಕು?" ಎಂದ.

"ಒಂಚೂರು. ಬೆನ್ನು ತುಂಬಾ ಚೆನ್ನಾಗಿ ಸಿಗ್ತಿದೆ."

"ಮೇಡಂ, ನನ್ನ ಬೆನ್ನನ್ನ ಇಷ್ಟು ಮರ್ಯಾದೆಯಿಂದ ಯಾರೂ ಮಾತಾಡಿಸಿಲ್ಲ. ಆದ್ರೆ ಕೈ..."

ಕೈ ಮಾತು ಕೇಳಲಿಲ್ಲ. ಧೊಪ್ಪನೆ ರಬ್ಬರ್ ಚಾಪೆಯ ಮೇಲೆ ಬಿದ್ದ. ಕ್ಯಾಮೆರಾ ಕೆಳಗಿಳಿಸಿ ಅವಳು ಗಾಬರಿಯಿಂದ ಓಡಿ ಬಂದಳು.

ಬಿದ್ದವನು ಎದ್ದು ಕೂತು ಇತ್ತ ತಿರುಗಿದ. ಬೆವರಿದ ಮುಖ, ಮೂಗಿನ ತುದಿಗೆ ಜಾರಿದ ಕನ್ನಡಕ, ಬನಿಯನ್ನಿನೊಳಗೆ ಸಣ್ಣದೊಂದು ಹೊಟ್ಟೆ.

'ಇವನೇನಾ ಆ ಬೆನ್ನಿನ ಯಜಮಾನ?'

ಅವಳಿಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟಳು. ಅವನು ಸಿಟ್ಟಾಗಬಹುದಿತ್ತು. ಆಗದೆ, ಅವಳಿಗಿಂತ ಜೋರಾಗಿ ನಕ್ಕ. ಅಲ್ಲಿಗೆ ಅವಳ ಕಥೆ ಅರ್ಧ ಮುಗಿದಂತೆಯೇ ಲೆಕ್ಕ. ಉಳಿದರ್ಧವನ್ನು ಕೆಡಿಸಿಕೊಂಡವಳೂ ಅವಳೇ. ಹೇಗೆ ಅಂತ ಕೇಳಿ.

ಎರಡು ಬೀದಿ ಆಚೆ ಅವಳದ್ದೊಂದು ಪುಟ್ಟ ಸ್ಟುಡಿಯೋ. ಜಿಮ್ಮಿನ ಯಜಮಾನನನ್ನು ಎಲ್ಲರೂ ಬಾಸ್ ಅನ್ನುತ್ತಿದ್ದರು. ಹೊರಗೋಡೆಗೆ ಆಳೆತ್ತರದ ಫೋಟೋ ಬೇಕೆಂದು ಬಾಸ್ ಅವಳನ್ನು ಕರೆಸಿದ್ದ.

"ನೋಡಮ್ಮಾ, ಹೊರಗಿನಿಂದ ಮಾಡೆಲ್ ತರೋ ಹಾಗಿಲ್ಲ. ನಮ್ಮ ಜಿಮ್ಮಿಗೆ ಬರೋ ಸಾಮಾನ್ಯ ಮನುಷ್ಯನೇ ಆಗ್ಬೇಕು. ಆದ್ರೆ ನೋಡಿದವನು ಬೀದೀಲಿ ನಿಂತುಬಿಡ್ಬೇಕು."

ಅದಕ್ಕೇನು, ಜಿಮ್ಮಿನ ತುಂಬ ಅಂಥವರೇ ಇರುತ್ತಾರೆ ಅಂದುಕೊಂಡು ಅವಳು ಬಂದಿದ್ದಳು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಒಳಗೆ ಕಂಡವರು ಬ್ಯಾಂಕಿನಿಂದ ನೇರ ಬಂದ ಬೋಳುತಲೆಯ ಮ್ಯಾನೇಜರು, ಹೆರಿಗೆಯಾದ ಮೇಲೆ ಮೈ ಗಟ್ಟಿ ಮಾಡಿಕೊಳ್ಳಲು ಬಂದ ನರ್ಸು, ಕಡ್ಡಿಯಂಥ ಕಾಲಿನ ಕಾಲೇಜು ಹುಡುಗರು, ತೂಕ ಎತ್ತುವುದಕ್ಕಿಂತ ಹೆಚ್ಚು ಹೊತ್ತು ಬೆಂಚಿನ ಮೇಲೆ ಕೂತು ಹರಟುವ ಇಬ್ಬರು ಭಾವಮೈದುನರು. ಇಷ್ಟೂ ಸಾಲದೆಂಬಂತೆ, ಮಂಡಿನೋವಿಗೆಂದು ಡಾಕ್ಟರ್ ಹೇಳಿ ಕಳಿಸಿದ್ದ ಅವಳದೇ ದೊಡ್ಡಮ್ಮ. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿದವರು ದೊಡ್ಡಮ್ಮನೇ.

ತಿರುಗಿ ನೋಡುವಂಥ ಮೈ ಇದ್ದದ್ದು ಇಬ್ಬರಿಗೆ. ಒಬ್ಬ ಬಾಸ್, ಇನ್ನೊಬ್ಬ ಕೋಚ್. ಇಬ್ಬರಿಗೂ ಅದೇ ಹೊಟ್ಟೆಪಾಡು.

"ನಿಮ್ಮ ಪೈಲ್ವಾನರೆಲ್ಲ ಎಲ್ಲಿ ಹೋದ್ರು?" ಎಂದು ಚಾಪೆಯ ಮೇಲೆ ಕೂತವನನ್ನೇ ಕೇಳಿದಳು.

"ಫೋನಿನೊಳಗಿದಾರೆ." ಅವನು ಕನ್ನಡಕ ಒರೆಸಿಕೊಂಡ. "ನಾನು ಗಣಿತದ ಮೇಷ್ಟ್ರು, ಲೆಕ್ಕ ಹಾಕೋ ಚಟ. ಇಲ್ಲಿ ನೂರು ಜನ ಬಂದ್ರೆ ಫೋಟೋಗೆ ಆಗೋ ಮೈ ಇಬ್ಬರದೋ ಮೂವರದೋ. ಮಿಕ್ಕೋರದೆಲ್ಲ ನನ್ ಥರದ್ದೇ. ಆರು ವರ್ಷದಿಂದ ಬರ್ತಿದೀನಿ, ಈ ಹೊಟ್ಟೆ ನನ್ನ ಬಿಟ್ಟು ಹೋಗಿಲ್ಲ. ನಿಯತ್ತಿದೆ ಅದಕ್ಕೆ."

"ಮತ್ಯಾಕೆ ಬರ್ತೀರಿ?"

"ದಿನವಿಡೀ ನಿಂತು ಪಾಠ ಮಾಡೋನು ನಾನು. ಮೊದಲು ಸೊಂಟ ಬಿದ್ದುಹೋಗ್ತಿತ್ತು, ಈಗಿಲ್ಲ. ಮಲಗಿದ ತಕ್ಷಣ ನಿದ್ದೆ ಬರುತ್ತೆ. ಇನ್ನೇನ್ ಬೇಕು?"

ಇಷ್ಟು ನೆಮ್ಮದಿಯಾಗಿ ತನ್ನ ಮೈಯೊಳಗೆ ತಾನು ವಾಸ ಮಾಡುವ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಆಮೇಲೆ ಸಂಜೆ ಸಂಜೆ ಅವಳಿಗೆ ಜಿಮ್ಮಿನಲ್ಲಿ ಕೆಲಸ ಹುಟ್ಟತೊಡಗಿತು. ಅವನಿಗೋ, ಪಾಸ್‌ಪೋರ್ಟೇ ಇಲ್ಲದವನಿಗೆ, ಪಾಸ್‌ಪೋರ್ಟ್ ಫೋಟೋ ಬೇಕಾಯಿತು. ಸ್ಟುಡಿಯೋ ಎದುರಿನ ಚಹಾದಂಗಡಿಯವನು ಕೇಳದೆಯೇ ಎರಡು ಲೋಟ ತಂದಿಡುವಷ್ಟರ ಮಟ್ಟಿಗೆ ವಿಷಯ ಬೆಳೆಯಿತು. ಬಾಯಿಬಿಟ್ಟು ಹೇಳಿದವರು ಮಾತ್ರ ಯಾರೂ ಇಲ್ಲ.

"ನೀವೇ ನಿಂತುಕೊಳ್ಳಿ ಮೇಷ್ಟ್ರೇ, ಗೋಡೆಗೆ," ಎಂದಳು ಒಂದು ದಿನ.

"ನಾನಾ? ಬಾಸ್ ಜಿಮ್ ಮುಚ್ಕೊಂಡು ಹೋಗ್ಬೇಕಾಗುತ್ತೆ."

"ನನ್ನ ಕೆಲಸದ ಮೇಲೆ ನಂಬಿಕೆ ಇಡಿ."

ಅವಳ ಮೇಲಿದ್ದ ನಂಬಿಕೆಯಿಂದಲೇ ಅವನು ಒಪ್ಪಿದ.

ಅವಳು ತನ್ನ ಕಸುಬಿನಲ್ಲಿ ನಿಸ್ಸೀಮೆ. ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿದಳು. ಒಂದೇ ಒಂದು ದೀಪವನ್ನು ಅವನ ಪಕ್ಕಕ್ಕೆ, ಸೊಂಟಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿದಳು. ಪಕ್ಕದಿಂದ ಬೀಳುವ ಬೆಳಕಿಗೆ ಮೈಯ ಸಣ್ಣ ಉಬ್ಬೂ ದೊಡ್ಡ ನೆರಳು ಚೆಲ್ಲುತ್ತದೆ. ಸುಸ್ತಾಗುವವರೆಗೆ ದಂಡ ಹೊಡೆಸಿ, ಮಾಂಸಖಂಡಗಳಿಗೆ ರಕ್ತ ನುಗ್ಗಿರುವಾಗಲೇ ನಿಲ್ಲಿಸಿ, ಮೈಗೆ ನೀರು ಚಿಮುಕಿಸಿ, ಕನ್ನಡಕ ತೆಗೆಸಿದಳು.

"ಈಗ ಉಸಿರು ಹಿಡೀರಿ. ಹೊಟ್ಟೆ ಒಳಕ್ಕೆ. ಇನ್ನೂ ಒಳಕ್ಕೆ..."

ಕ್ಲಿಕ್.

ಫೋಟೋದಲ್ಲಿ ಮೂಡಿದವನನ್ನು ಕಂಡು ಅವಳೇ ಬೆಚ್ಚಿದಳು. ಕಲ್ಲಿನಲ್ಲಿ ಕಡೆದ ಹಾಗಿದ್ದ.

ದೀಪ ಆರಿಸಿ ಟ್ಯೂಬ್‌ಲೈಟ್ ಹಾಕಿದಾಗ, ಅವನು ಹಿಡಿದಿದ್ದ ಉಸಿರನ್ನು ಒಂದೇ ಸಲ ಬಿಟ್ಟು, ಹೊಟ್ಟೆ ಸವರಿಕೊಂಡು ನಕ್ಕ. ಅದನ್ನೂ ಕ್ಲಿಕ್ಕಿಸಿದಳು, ತನಗಾಗಿ. ಆ ನಗುವ ಫೋಟೋವನ್ನು ಸ್ಟುಡಿಯೋದಲ್ಲಿ ಒಬ್ಬಳೇ ಕೂತು ಅದೆಷ್ಟು ಸಲ ನೋಡಿದಳೋ.

ಬಾಸ್ ಎದುರು ಫೋಟೋಗಳನ್ನು ಹರಡುವಾಗ ಆ ಎರಡನೆಯದೂ ಜೊತೆಯಲ್ಲಿ ಬಂದುಬಿಟ್ಟಿತ್ತು.

"ಇದೂ ಚೆನ್ನಾಗಿದೆಯಲ್ಲಮ್ಮಾ, ನಗ್ತಿರೋದು. ಇದನ್ನೇ ಹಾಕಿದ್ರೆ?"

'ಇದು ನನ್ನದು... ಇದನ್ನು ಬೀದಿಗೆ ಹೇಗೆ ಕೊಡಲಿ?' ಅವಳು ಸರಕ್ಕನೆ ಕಿತ್ತುಕೊಂಡು, ಬಾಯಿಗೆ ಬಂದದ್ದನ್ನು ಹೇಳಿದಳು.

"ಅಯ್ಯೋ, ಅದನ್ನ ಬಿಡಿ ಬಾಸ್. ಇರೋ ಹಾಗೇ ಇರೋ ಮೇಷ್ಟ್ರನ್ನ ಯಾರು ನೋಡ್ತಾರೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಗಿಲಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡು ಅವನು ನಿಂತಿದ್ದ. ಅವಳು ತಿರುಗುವಷ್ಟರಲ್ಲಿ ಅಲ್ಲಿರಲಿಲ್ಲ. ಬಂದದ್ದಾಗಲಿ ಹೋದದ್ದಾಗಲಿ ಅವಳಿಗೆ ತಿಳಿಯಲಿಲ್ಲ.

ಫೋಟೋ ಗೋಡೆಗೇರಿತು. ಜನ ನಿಜಕ್ಕೂ ಬೀದಿಯಲ್ಲಿ ನಿಂತು ನೋಡಿದರು. ಹೊಸಬರು ಬಂದು ಸೇರಿದರು. ಅವರಲ್ಲೊಬ್ಬ ಒಂದು ಸಂಜೆ, ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ ಮೇಷ್ಟ್ರನ್ನೇ ಕೇಳಿದ.

"ಸಾರ್, ಹೊರಗಡೆ ಫೋಟೋಲಿದಾರಲ್ಲ, ಅವರು ಎಷ್ಟೊತ್ತಿಗೆ ಬರ್ತಾರೆ?"

ಅವನು ಬಿಚ್ಚಿದ್ದ ಶೂ ಮತ್ತೆ ಹಾಕಿಕೊಂಡ.

"ಅವರು ಇಲ್ಲಿಗೆ ಬರಲ್ಲ," ಎಂದು ಹೇಳಿ ಹೊರಟುಹೋದ. ಅಂದಿನಿಂದ ಜಿಮ್ಮಿಗೂ ಇಲ್ಲ, ಚಹಾಕ್ಕೂ ಇಲ್ಲ. ಫೋನ್ ಮಾಡಿದರೆ, "ಪರೀಕ್ಷೆ ಪೇಪರ್ ತಿದ್ತಿದೀನಿ."

ಅಷ್ಟರಲ್ಲಿ ಮನೆಯಲ್ಲಿ ದೊಡ್ಡಮ್ಮನೂ ಜಿಮ್ ಚೀಲವನ್ನು ಮೊಳೆಗೆ ನೇತುಹಾಕಿ ಕೂತಿದ್ದರು.

"ಏನಾಯ್ತು ದೊಡ್ಡಮ್ಮ, ಮಂಡಿ ನೋವಾ?"

"ಮಂಡಿಗೇನೂ ಆಗಿಲ್ಲ. ಆ ಬಾಗಿಲಲ್ಲಿ ನಿಂತಿದಾನಲ್ಲ ನಿನ್ನ ಕಲ್ಲಿನ ಗೊಂಬೆ, ಅವನನ್ನ ದಾಟಿ ಒಳಗೆ ಹೋಗೋಕೆ ಮನಸ್ಸೇ ಬರಲ್ಲ ಕಣೆ. ಇಂಥೋರು ಬರೋ ಜಾಗದಲ್ಲಿ ಈ ಮುದುಕಿಗೇನು ಕೆಲಸ ಅನ್ಸುತ್ತೆ."

"ಅದು ಮೇಷ್ಟ್ರು ದೊಡ್ಡಮ್ಮ! ನಿಮ್ಮ ಪಕ್ಕದ ಸೈಕಲ್ಲಲ್ಲೇ ಕೂತ್ಕೊತಿದ್ರಲ್ಲ."

ದೊಡ್ಡಮ್ಮ ಅವಳನ್ನು ನೆಟ್ಟಗೆ ನೋಡಿದರು.

"ಹಾಗಾದ್ರೆ ಅವನನ್ನೂ ಓಡಿಸಿದೆ ಅನ್ನು."

ಮರುದಿನ ಕೊನೆಯ ಗಂಟೆ ಹೊಡೆಯುವ ಹೊತ್ತಿಗೆ ಅವಳು ಅವನ ಶಾಲೆಯ ಪಡಸಾಲೆಯಲ್ಲಿ ನಿಂತಿದ್ದಳು. ಕೈಯಲ್ಲಿ ಸೀಮೆಸುಣ್ಣದ ಪುಡಿ ಮೆತ್ತಿಕೊಂಡು ಅವನು ಹೊರಬಂದ.

"ಪೇಪರ್ ತಿದ್ದಿ ಮುಗೀಲಿಲ್ವಾ?" ಎಂದಳು.

"ಮುಗೀತು. ಇರೋ ಹಾಗೇ ಇರೋ ಮೇಷ್ಟ್ರನ್ನ ನೋಡೋಕೆ ಇಷ್ಟು ದೂರ ಬಂದ್ರಾ?"

ಅವಳ ಮುಖ ಬಿಳಿಚಿಕೊಂಡಿತು. 'ಕೇಳಿಸಿಕೊಂಡಿದ್ದನಾ...'

"ಮೇಷ್ಟ್ರೇ, ಅದು ಹಾಗಲ್ಲ. ಆ ನಗೋ ಫೋಟೋ ನನಗೆ ಬೇಕಿತ್ತು. ಬೇರೆ ಯಾರಿಗೂ ಕೊಡೋಕೆ ಮನಸ್ಸಿರಲಿಲ್ಲ. ಅದಕ್ಕೇ ಬಾಯಿಗೆ ಬಂದಿದ್ದು ಅಂದೆ. ಈಗಲೂ ನನ್ನ ಮೇಜಿನ ಮೇಲಿದೆ, ಬಂದು ನೋಡಿ."

ಅವನು ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡ. ಮಾತು ನಂಬಿದ್ದು ಕಣ್ಣಿನಲ್ಲಿ ಕಾಣುತ್ತಿತ್ತು. ಆದರೂ ನೋವು ಹೋಗಿರಲಿಲ್ಲ.

"ಆರು ವರ್ಷ ಆ ಜಿಮ್ಮಲ್ಲಿ ನನ್ನ ಮೈ ನನಗೆ ಸಾಕಾಗಿತ್ತು," ಎಂದ ಮೆಲ್ಲಗೆ. "ಈಗ ಕನ್ನಡಿ ಮುಂದೆ ನಿಂತರೆ ಹೊಟ್ಟೆ ಒಳಗೆ ಎಳ್ಕೊತೀನಿ. ನನ್ನನ್ನ ನೀವು ಒಳಗಡೆ ಇಟ್ಕೊಂಡು ಇಷ್ಟಪಡ್ತೀರಿ, ಬೀದಿಗೆ ಮಾತ್ರ ಆ ಗೋಡೆ ಮೇಲಿನವನನ್ನ ತೋರಿಸ್ತೀರಿ. ನಾಳೆ ನಾಲ್ಕು ಜನರೆದುರು ನಿಮ್ಮ ಪಕ್ಕ ನಿಲ್ಲೋನು ಯಾರು? ನಾನಾ, ಅವನಾ?"

ಅವಳ ಬಳಿ ಉತ್ತರವಿತ್ತು. ಆದರೆ ಪಡಸಾಲೆಯಲ್ಲಿ ಅವನೊಬ್ಬನಿಗೇ ಕೇಳುವಂತೆ ಹೇಳಿದರೆ ಅದು ಉತ್ತರವಾಗುವುದಿಲ್ಲ ಎಂದೂ ಗೊತ್ತಿತ್ತು. ಅತ್ತುಕೊಂಡು ಮನೆಗೆ ಹೋಗುವ ಹೆಣ್ಣಲ್ಲ ಅವಳು. ಕಣ್ಣೊರೆಸಿಕೊಂಡು ಸೀದಾ ಜಿಮ್ಮಿಗೆ ಹೋದಳು.

"ಬಾಸ್, ಆ ಫೋಟೋ ಇಳಿಸ್ಬೇಕು."

"ಏನಮ್ಮಾ, ತಲೆ ನೆಟ್ಟಗಿದೆಯಾ? ಅದನ್ನ ನೋಡಿ ಜನ ಬರ್ತಿದಾರೆ."

"ಬರ್ತಿದಾರೆ. ನಿಲ್ತಿದಾರಾ?"

ಬಾಸ್ ಗಡ್ಡ ಕೆರೆದುಕೊಂಡ. ಹೊಸಬರು ಬಂದಷ್ಟೇ ಬೇಗ ಮಾಯವಾಗುತ್ತಿದ್ದದ್ದು ಅವನಿಗೂ ಗೊತ್ತಿತ್ತು. ನಾಲ್ಕು ವಾರ ಬೆವರು ಸುರಿಸುವುದು, ಗೋಡೆ ನೋಡುವುದು, ಕನ್ನಡಿ ನೋಡುವುದು, ಮನೆಗೆ ಹೋಗುವುದು. ಹಳಬರಲ್ಲೂ ಕೆಲವರು ಕಾಣುತ್ತಿರಲಿಲ್ಲ.

"ಆ ಮೈ ಮೇಷ್ಟ್ರದ್ದೂ ಅಲ್ಲ ಬಾಸ್, ನನ್ನ ದೀಪದ್ದು. ಇಲ್ಲಿ ಇಲ್ಲದೇ ಇರೋನನ್ನ ಬಾಗಿಲಲ್ಲಿ ನಿಲ್ಲಿಸಿ, ಇರೋರನ್ನೆಲ್ಲ ಕಳ್ಕೊತಿದೀವಿ. ಒಂದು ಸಂಜೆ ಕೊಡಿ ನನಗೆ."

ಬಾಸ್ ಒಪ್ಪಿದ.

ಆ ಸಂಜೆ ಅವಳು ದೀಪವನ್ನೂ ಸ್ಟ್ಯಾಂಡನ್ನೂ ತರಲಿಲ್ಲ. ಜಿಮ್ಮಿನ ಟ್ಯೂಬ್‌ಲೈಟುಗಳನ್ನೆಲ್ಲ ಹಾಕಿಸಿದಳು. ಒಬ್ಬೊಬ್ಬರನ್ನೇ ಕರೆದು ಕ್ಯಾಮೆರಾ ಎದುರು ನಿಲ್ಲಿಸಿದಳು. ಷರತ್ತು ಒಂದೇ.

"ಉಸಿರು ಬಿಡಿ."

"ಹೊಟ್ಟೇನೂ ಬಿಡ್ಲಾ?" ಅವಳು ಮನೆಯಿಂದ ಎಳೆದು ತಂದಿದ್ದ ದೊಡ್ಡಮ್ಮ ಅನುಮಾನದಿಂದ ಕೇಳಿದರು.

"ಬಿಡಿ ದೊಡ್ಡಮ್ಮ. ಆರಾಮಾಗಿ."

ಬ್ಯಾಂಕ್ ಮ್ಯಾನೇಜರು ಬಿಟ್ಟರು. ನರ್ಸು ಬಿಟ್ಟಳು. ಭಾವಮೈದುನರು ಯಾರ ಹೊಟ್ಟೆ ದೊಡ್ಡದೆಂದು ಅಲ್ಲೇ ಪಂದ್ಯ ಕಟ್ಟಿದರು. ಉಸಿರು ಬಿಟ್ಟು ನಿಂತಾಗ ಕೋಚನ ಸೊಂಟದಲ್ಲೂ ಒಂದು ಸಣ್ಣ ಮಡಿಕೆ ಇಣುಕಿತು.

"ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ಯಪ್ಪಾ ಇದನ್ನ?" ಎಂದು ದೊಡ್ಡಮ್ಮ ಕೇಳಿದ್ದಕ್ಕೆ ಜಿಮ್ಮೇ ಬಿದ್ದು ಬಿದ್ದು ನಕ್ಕಿತು.

ಅವಳೂ ನಕ್ಕಳು, ಆದರೆ ಕಣ್ಣು ಬಾಗಿಲಲ್ಲೇ ಇತ್ತು. ಬೆಳಿಗ್ಗೆ ಅವನಿಗೆ ಸಂದೇಶ ಕಳಿಸಿದ್ದಳು. 'ಅವನನ್ನ ಗೋಡೆಯಿಂದ ಇಳಿಸ್ತಿದೀನಿ. ಆ ಜಾಗಕ್ಕೆ ನೀವು ಬರ್ಬೇಕು. ನಾಲ್ಕು ಜನರೆದುರು ಕೇಳ್ತೀನಿ.' ಓದಿದ್ದ. ಉತ್ತರವಿಲ್ಲ.

'ಬರದಿದ್ದರೆ?' ಬರದಿದ್ದರೆ ನಾಳೆ ಮತ್ತೆ ಶಾಲೆಗೆ ಹೋಗುವುದು, ಅಷ್ಟೇ. ಬಿಡುವವಳಲ್ಲ ಅವಳು.

ಎಲ್ಲರ ಸರದಿ ಮುಗಿಯುವಾಗ ಬಾಗಿಲಲ್ಲಿ ಯಾರೋ ಶೂ ಬಿಚ್ಚುವ ಸದ್ದಾಯಿತು.

ಅವನೇ... ಕನ್ನಡಕ ಹಾಕಿಕೊಂಡೇ ಬಂದಿದ್ದ. ಸೈಕಲ್ ತುಳಿಯುತ್ತಿದ್ದವರೂ ಕಾಲು ನಿಲ್ಲಿಸಿದರು.

"ಗೋಡೆ ಖಾಲಿಯಾಗಿದೆ," ಎಂದ. "ನೋಡ್ಕೊಂಡೇ ಬಂದೆ. ಅಷ್ಟು ಚೆನ್ನಾಗಿದ್ದೋನನ್ನ ಇಳಿಸೋಕೆ ಬೇಜಾರಾಗ್ಲಿಲ್ವಾ?"

"ಅವನನ್ನ ಮಾಡಿದ್ದು ನಾನೇ ಮೇಷ್ಟ್ರೇ. ದೀಪ ಇಟ್ರೆ ಅಂಥೋರನ್ನ ದಿನಕ್ಕೊಬ್ಬನ್ನ ಮಾಡ್ತೀನಿ." ಅವಳ ದನಿ ಗಟ್ಟಿಯಾಗಿತ್ತು, ಎಲ್ಲರಿಗೂ ಕೇಳುವಂತಿತ್ತು. "ನಾನೇ ಮಾಡಿದ ಗೊಂಬೇನ ನಾನ್ಯಾಕೆ ಮದುವೆ ಆಗ್ಲಿ?"

"ಮದುವೆನಾ?"

ಬ್ಯಾಂಕ್ ಮ್ಯಾನೇಜರ ಕೈಯಿಂದ ನೀರಿನ ಬಾಟಲಿ ಜಾರಿತು. ಅವಳ ಕಿವಿ ಬಿಸಿಯಾಯಿತು. ಆದರೂ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

"ಹೌದು. ನಾಲ್ಕು ಜನರೆದುರು ಕೇಳ್ತೀನಿ ಅಂದಿದ್ನಲ್ಲ. ನನಗೆ ಬೇಕಾಗಿರೋದು ನೀವು. ಈ ಕನ್ನಡಕ, ಈ ಹೊಟ್ಟೆ, ಆ ನಗು, ಎಲ್ಲಾ ಸೇರಿ. ನನ್ನ ಪಕ್ಕದಲ್ಲಿ ನಿಲ್ಲೋದಾದ್ರೆ ನೀವೇ ನಿಲ್ಬೇಕು."

ದೊಡ್ಡಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ಸುಮ್ನೆ ನಿಂತಿದೀಯಲ್ಲಪ್ಪಾ, ಹೂಂ ಅನ್ನು. ನನ್ನ ಮಂಡಿ ನೋಯ್ತಿದೆ."

ಅವನು ಹೂಂ ಅನ್ನಲಿಲ್ಲ. ನಡೆದು ಬಂದು, ಟ್ಯೂಬ್‌ಲೈಟಿನ ಕೆಳಗೆ, ಅವಳು ನೆಲದ ಮೇಲೆ ಗುರುತು ಮಾಡಿದ್ದ ಜಾಗದಲ್ಲಿ ನಿಂತ. ಬಹಳ ದಿನಗಳಿಂದ ಹಿಡಿದಿಟ್ಟುಕೊಂಡಿದ್ದನ್ನೆಲ್ಲ ಬಿಡುವಂತೆ ಉಸಿರು ಬಿಟ್ಟ. ಹೊಟ್ಟೆ ತನ್ನ ಜಾಗಕ್ಕೆ ಬಂತು.

"ಎಲ್ಲಿ ನೋಡ್ಲಿ? ಕ್ಯಾಮೆರಾನಾ?"

"ನನ್ನನ್ನ."

ನೋಡಿದ. ಅವಳ ಕಣ್ಣು ತುಂಬಿ ಬಂದು ಎದುರಿಗಿದ್ದವನು ಮಂಜಾದ.

"ತೆಗೆಯೋಕೆ ಮುಂಚೆ ಒಂದು ಮಾತು," ಎಂದ ಅವನು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ವಯಸ್ಸಾಗ್ತಾ ಆಗ್ತಾ ಈ ಹೊಟ್ಟೆ ಇನ್ನೂ ದೊಡ್ಡದಾಗುತ್ತೆ. ಕೂದಲೂ ಹೋಗುತ್ತೆ. ಈಗಲೇ ಹೇಳಿಬಿಟ್ಟಿದೀನಿ."

"ಹೋಗ್ಲಿ ಬಿಡಿ," ಎಂದಳು. "ಆಗಲೂ ಫೋಟೋ ನಾನೇ ತೆಗೀತೀನಿ."