ಖಾಲಿಯಾದರೆ ನಿನಗೇ

೧೯೪೬ನೇ ಇಸವಿ ಡಿಸೆಂಬರ್ ೯, ಸೋಮವಾರ, ಬೆಳಿಗ್ಗೆ ಎಂಟೂವರೆ. ಹೊಸೂರು ಪೊಲೀಸ್ ಠಾಣೆಯ ಜಗಲಿಯ ಮೇಲೆ ಹೆಂಗಸೊಬ್ಬಳು ಒಂದು ಮೊರವನ್ನು ತಂದಿಟ್ಟಳು. ಮುಚ್ಚಿದ್ದ ಮುತ್ತುಗದ ಎಲೆಯನ್ನು ಆಕೆ ಸರಿಸಿದ ಕೂಡಲೇ ಪಾರಾ ಕಾವಲಿನಲ್ಲಿದ್ದ ಕಾನ್‌ಸ್ಟೇಬಲ್ ಅಂಗಳಕ್ಕೆ ಹಾರಿದ. ಮೊರದಲ್ಲಿ ಸತ್ತ ಇಲಿ ಬಿದ್ದಿತ್ತು.

ದೀಪಾವಳಿಯಿಂದೀಚೆಗೆ ಅಂಚೆಟ್ಟಿ ಕಡೆಯ ಹಳ್ಳಿಗಳಲ್ಲಿ ಇಲಿ ಬೀಳುತ್ತಿವೆ, ಜನ ಮನೆ ಬಿಟ್ಟು ಹೊಲ ಸೇರಿದ್ದಾರೆ ಎಂಬ ಸುದ್ದಿ ಪೇಟೆಯ ತುಂಬ ಹಬ್ಬಿತ್ತು. ಪ್ಲೇಗ್ ಎಂಬ ಮಾತನ್ನು ಬಾಯಿಬಿಟ್ಟು ಆಡಲೂ ಜನ ಹೆದರುತ್ತಿದ್ದರು. ಬೆಳಿಗ್ಗೆ ಎದ್ದವರು ದೇವರ ಪಟ ನೋಡುವ ಮೊದಲು ಸೂರಿನ ಮೂಲೆಯನ್ನು ನೋಡುತ್ತಿದ್ದರು.

ಸಬ್ ಇನ್ಸ್‌ಪೆಕ್ಟರ್ ಅಶ್ವತ್ಥಪ್ಪ ಬಾಗಿಲಿಗೆ ಬಂದು ಅಲ್ಲೇ ನಿಂತರು.

"ಹೆಸರು?"

"ಅಂಜಮ್ಮ ಸ್ವಾಮಿ. ಊಟದ ಎಲೆ ಹಚ್ಚಿ ಹೋಟ್ಲಿಗೆ ಕೊಡ್ತೀನಿ. ಪೇಟೆ ಹಿಂದಿನ ವಠಾರದಾಗವ್ನಿ."

"ಇಲಿ ಬಿದ್ದರೆ ಆಸ್ಪತ್ರೆಗೆ ತಿಳಿಸ್ಬೇಕು. ಇಲ್ಲಿಗ್ಯಾಕೆ ತಂದೆ?"

"ಇದು ತಾನಾಗಿ ಬಿದ್ದಿಲ್ಲ. ಯಾರೋ ತಂದು ಹಾಕವ್ರೆ. ಇದು ಮೂರನೇದು."

"ಹಾಕಿದ್ದನ್ನ ಕಂಡೆಯಾ?"

"ಕಂಡಿಲ್ಲ. ಸಂಜೆ ಅಂಗಳ ಸಾರಿಸಿ ಬಾಗ್ಲಾಕ್ಕೊಂಡಿದ್ದೆ. ಬೆಳಿಗ್ಗೆ ಹಸೀ ಸೆಗಣಿ ಮ್ಯಾಲೆ ಹೆಜ್ಜೆ ಮೂಡಿತ್ತು. ಇಲಿಗೆ ಮನುಷ್ಯರ ಕಾಲಿರ್ತದಾ ಸ್ವಾಮಿ?"

ಅಶ್ವತ್ಥಪ್ಪ ಒಂದು ಹೆಜ್ಜೆ ಮುಂದೆ ಬಂದರು. "ಯಾರ ಮೇಲೆ ಅನುಮಾನ?"

"ಮನೆ ಯಜಮಾನ್ರ ಮ್ಯಾಲೆ. ಮೂಕಂಡಪಲ್ಲಿ ಲಕ್ಷ್ಮಣಪ್ಪನೋರು. ಖಾಲಿ ಮಾಡಿ ಅಂತ ಹೋದ ತಿಂಗ್ಳು ಬಂದು ಕೂಗಾಡಿದ್ರು. ಹೋಗಲ್ಲ ಅಂದ್ವಿ. ಹೆಂಗ್ ಹೋಗಲ್ವೋ ನೋಡ್ತೀನಿ ಅಂದ್ರು."

ಹೊಸ ಬಾಡಿಗೆ ಕಾಯಿದೆ ಬಂದು ಕೆಲವೇ ತಿಂಗಳಾಗಿತ್ತು. ಅಧಿಕಾರಿಯ ಹುಕುಂ ಇಲ್ಲದೆ ಯಾವ ಯಜಮಾನನೂ ಬಾಡಿಗೆದಾರನನ್ನು ಎಬ್ಬಿಸುವಂತಿರಲಿಲ್ಲ. ಪ್ಲೇಗ್ ಬಂದರೆ ಮಾತ್ರ ಯಾವ ಹುಕುಮೂ ಬೇಕಾಗಿರಲಿಲ್ಲ. ಜನ ತಾವಾಗಿಯೇ ಓಡುತ್ತಿದ್ದರು. ಅಶ್ವತ್ಥಪ್ಪ ಹೇಳಿಕೆ ಬರೆಸಿ, ಅಂಜಮ್ಮನ ಹೆಬ್ಬೆಟ್ಟು ಒತ್ತಿಸಿ, ಪ್ರಾಣಕ್ಕೆ ಅಪಾಯವಾಗುವ ರೋಗ ಹರಡುವ ಕೃತ್ಯ ಎಂದು ಪೀನಲ್ ಕೋಡಿನ ೨೭೦ನೇ ಕಲಮಿನಡಿ ಎಫ್.ಐ.ಆರ್. ದಾಖಲಿಸಿದರು. ಹೆಡ್ ಕಾನ್‌ಸ್ಟೇಬಲ್ ಮುತ್ತರಾಯಪ್ಪ ಇಕ್ಕಳದಿಂದ ಇಲಿಯನ್ನೆತ್ತಿ ತಗಡಿನ ಡಬ್ಬಿಗೆ ಹಾಕುವಾಗ ಬಾಲ ಅವನ ಮಣಿಕಟ್ಟಿಗೆ ತಾಗಿತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದ, ಮತ್ತೆ ತೊಳೆದ.

ಪಂಚನಾಮೆಗೆಂದು ಹತ್ತು ಗಂಟೆಗೆ ವಠಾರ ತಲುಪಿದಾಗ ಪಂಚರಾಗಿ ಸಹಿ ಹಾಕಲು ಬೀದಿಯಲ್ಲಿ ಯಾರೂ ಮುಂದೆ ಬರಲಿಲ್ಲ. ಎದುರು ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಕೊನೆಗೆ ತಾಲ್ಲೂಕು ಕಚೇರಿಯ ಜವಾನರಿಬ್ಬರನ್ನು ಕರೆಸಬೇಕಾಯಿತು. ಅವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಸ್ತಿಲಿನಾಚೆಯೇ ನಿಂತರು.

ಅಂಗಳದ ಸುತ್ತ ನಾಲ್ಕು ಮನೆ. ಹೆಜ್ಜೆಗಳು ಹಿತ್ತಿಲ ಗೋಡೆಯಿಂದ ಬಂದು, ಜಟಕಾ ಹೊಡೆಯುವ ಕೊಂಡಪ್ಪನ ಹೊಸ್ತಿಲವರೆಗೆ ಹೋಗಿ, ಹಾಗೆಯೇ ಹಿಂದಿರುಗಿದ್ದವು. ಚಪ್ಪಲಿ ಇಲ್ಲದ ಗಂಡಸಿನ ಪಾದ. ಅಶ್ವತ್ಥಪ್ಪ ದಾರದಲ್ಲಿ ಅದರ ಉದ್ದ ಅಗಲ ಅಳೆದು ಗಂಟು ಹಾಕಿಟ್ಟುಕೊಂಡರು.

ಕೊಂಡಪ್ಪ ಆಗಲೇ ಜಟಕಾಕ್ಕೆ ಪಾತ್ರೆಗಳನ್ನು ತುಂಬುತ್ತಿದ್ದ. ಅವನ ತಾಯಿ ರಾಮಲಕ್ಷ್ಮಮ್ಮ ಗಾಡಿಯಲ್ಲಿ ಮುದುಡಿ ಕೂತಿದ್ದಳು. ಹೆಂಡತಿ ಪಾಪಮ್ಮ ಎಳೆಗೂಸನ್ನು ಸೆರಗಿನೊಳಗೆ ಅವಚಿಕೊಂಡು, ಮನೆಯ ಕಡೆ ಬೆನ್ನು ಮಾಡಿ ನಿಂತಿದ್ದಳು.

"ಡಾಕ್ಟರು ನೋಡೋವರೆಗೂ ಇರು," ಎಂದರು ಅಶ್ವತ್ಥಪ್ಪ.

"ಅವರು ನೋಡೋ ಹೊತ್ಗೆ ನನ್ ಮಗ ಇರ್ತಾನಾ ಸ್ವಾಮಿ?" ಕೊಂಡಪ್ಪ ಪಾತ್ರೆಗಳ ಮೇಲೆ ಹಗ್ಗ ಬಿಗಿದ. "ಹೋದ್ ಸಲದ ಪಿಳೇಗ್ನಾಗೆ ನಮ್ಮಪ್ಪ ಬೆಳಿಗ್ಗೆ ಇಲಿ ಎತ್ತಾಕ್ದ, ಮೂರ್ನೇ ದಿನ ಅವ್ನ್ನೇ ಎತ್ಕೊಂಡ್ ಹೋದ್ವಿ."

ಸಂಜೆಯೊಳಗೆ ವಠಾರ ಬರಿದಾಯಿತು. ಮೂರು ಮನೆಯವರು ಕೆರೆಯಾಚೆಯ ಬಯಲಿನಲ್ಲಿ ಸೋಗೆ ಗುಡಿಸಲು ಹಾಕಿಕೊಂಡರು. ಅಂಜಮ್ಮ ಆಲಸನತ್ತದ ತಂಗಿಯ ಮನೆಗೆ ಹೋದಳು. ತಂಗಿ ಅವಳನ್ನು ದನದ ಕೊಟ್ಟಿಗೆಯಿಂದೀಚೆಗೆ ಸೇರಿಸಲಿಲ್ಲ.

ಆಸ್ಪತ್ರೆಯ ಡಾಕ್ಟರು ಇಲಿಯನ್ನು ಭೂತಗನ್ನಡಿಯಡಿ ಬಹಳ ಹೊತ್ತು ನೋಡಿದರು. ಅದರ ಒಂದು ಭಾಗವನ್ನು ಮದರಾಸಿನ ಪ್ರಯೋಗಾಲಯಕ್ಕೆ ಕಳಿಸಿ, ಅಶ್ವತ್ಥಪ್ಪನವರನ್ನು ಕರೆಸಿದರು.

"ಇದು ಮನೆ ಇಲಿಯಲ್ಲ, ಹೊಲದ್ದು. ಕತ್ತಿನ ಸುತ್ತ ದಾರ ಕೊಯ್ದ ಗುರುತಿದೆ. ಬಿದಿರಿನ ಬೋನಿಗೆ ಸಿಕ್ಕಿ ಸತ್ತಿರೋದು."

"ಹಾಗಾದರೆ ಪ್ಲೇಗ್ ಇಲ್ಲ?"

"ಅದನ್ನ ಹೇಳಲಾರೆ. ರೋಗ ಇರೋ ಇಲಿಯೂ ಬೋನಿಗೆ ಬೀಳುತ್ತೆ. ಮದರಾಸಿಂದ ತಂತಿ ಬರಲಿ. ಅಲ್ಲಿವರೆಗೂ ಮುಟ್ಟಿದವರು ಬೇರೆ ಇರಲಿ."

ಮಾರನೆಯ ದಿನ ಲಕ್ಷ್ಮಣಪ್ಪನನ್ನು ಠಾಣೆಗೆ ಕರೆತಂದರು. ಯುದ್ಧ ಕಾಲದಲ್ಲಿ ಬೆಂಗಳೂರಿನ ಮಿಲಿಟರಿಗೆ ತರಕಾರಿ ಕಳಿಸಿ ನಾಲ್ಕು ಕಾಸು ಕಂಡಿದ್ದ ರೈತ. ಹಿಂದಿನ ವರ್ಷವಷ್ಟೇ ವಠಾರ ಕೊಂಡಿದ್ದ.

"ಮನೆ ಖಾಲಿ ಮಾಡಿಸ್ಬೇಕು ಅಂತಿದ್ರಾ?"

"ಒಂದು ಮನೆ ಬೇಕಾಗಿತ್ತು ಸ್ವಾಮಿ. ಸುಳ್ಳ್ಯಾಕೆ ಹೇಳ್ಲಿ."

"ಅರ್ಜಿ ಹಾಕಿದ್ರಾ?"

"ಅರ್ಜಿ ಹಾಕ್ಬೇಕು ಅಂತ ಗೊತ್ತಾಗಿದ್ದೇ ಆಮ್ಯಾಲೆ. ನಮ್ ಮನೆ, ಬ್ಯಾಡ ಅಂದ್ರೆ ಎದ್ದೋಗ್ತಾರೆ ಅಂದ್ಕೊಂಡಿದ್ದೆ."

"ಮನೆ ಬಾಡಿಗೆಗೆ ಕೊಡೋದು ಎತ್ತು ಬಾಡಿಗೆಗೆ ಕೊಟ್ಟಂಗಲ್ಲ ಲಕ್ಷ್ಮಣಪ್ಪ. ಸಂಜೆ ಬಿಚ್ಚಿಕೊಂಡು ಬರೋಕಾಗಲ್ಲ. ಒಳಗೆ ಒಲೆ ಹೂಡಿರ್ತಾರೆ. ಕರಾರು ಪತ್ರ ಇದೆಯಾ? ರಸೀತಿ ಕೊಡ್ತೀರಾ?"

"ಎಲ್ಲಾ ಬಾಯಿ ಮಾತು ಸ್ವಾಮಿ."

"ನಿಮ್ಮ ಹೊಲದಲ್ಲಿ ಇಲಿಗೆ ಬೋನು ಒಡ್ತೀರಾ?"

ಲಕ್ಷ್ಮಣಪ್ಪನ ಮುಖದ ಬಣ್ಣ ಇಳಿಯಿತು. "ರಾಗಿ ಹೊಲ್ದಾಗೆ ಯಾರು ಒಡ್ಡಲ್ಲ? ಕಾವಲುಗಾರ ಒಡ್ತಾನೆ. ಆವುಲಪ್ಪ ಅಂತ, ಅಂಚೆಟ್ಟಿ ಕಡೆಯೋನು."

ಕೊನೆಯ ಮಾತು ಕೇಳಿ ಬರೆದುಕೊಳ್ಳುತ್ತಿದ್ದ ಮುತ್ತರಾಯಪ್ಪನ ಕೈ ನಿಂತಿತು. ಅಂಚೆಟ್ಟಿ ಕಡೆಯೇ ಇಲಿ ಬೀಳುತ್ತಿದ್ದದ್ದು.

ಲಕ್ಷ್ಮಣಪ್ಪನ ಪಾದ ಅಳೆದರು. ದಾರಕ್ಕಿಂತ ಎರಡು ಬೆರಳು ಉದ್ದ. ಆಳಿನಿಂದ ಮಾಡಿಸಿರಬಹುದೆಂದು ಅಶ್ವತ್ಥಪ್ಪ ಅವನನ್ನು ಬಿಡಲಿಲ್ಲ. ಮೂಕಂಡಪಲ್ಲಿಯ ಹೊಲಕ್ಕೆ ಹೋದ ಕಾನ್‌ಸ್ಟೇಬಲ್ ಬೋನುಗಳನ್ನು ತಂದ. ಕಾವಲುಗಾರ ಅಲ್ಲಿರಲಿಲ್ಲ. ರೋಗದ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಎತ್ತಲೋ ಹೋದನೆಂದು ಅಕ್ಕಪಕ್ಕದವರು ಹೇಳಿದರು. ಏನು ರೋಗ ಎಂದು ಕೇಳಿದರೆ ಎಲ್ಲರೂ ಬಾಯಿ ಮುಚ್ಚಿಕೊಂಡರು.

ಬುಧವಾರ ಮುತ್ತರಾಯಪ್ಪನಿಗೆ ಜ್ವರ ಬಂತು. ಪೊಲೀಸ್ ಲೈನಿನ ಕೊನೆಯ ಕೋಣೆಯಲ್ಲಿ ಅವನೊಬ್ಬನೇ ಮಲಗಿದ. ಹೆಂಡತಿ ಪಾರ್ವತಮ್ಮ ಕಿಟಕಿಯಾಚೆ ನಿಂತು, ಗಳಿಗೆಗೊಮ್ಮೆ, "ಕಂಕುಳು ನೋಡ್ಕೊಳ್ಳಿ, ಗಡ್ಡೆ ಐತಾ?" ಎಂದು ಕೇಳುತ್ತಿದ್ದಳು. ಅವನು ಮುಟ್ಟಿ ನೋಡಿಕೊಂಡು ಇಲ್ಲ ಎನ್ನುತ್ತಿದ್ದ. ಆಮೇಲೆ ಅವಳು ಕೇಳದಿದ್ದಾಗಲೂ ಮುಟ್ಟಿಕೊಳ್ಳತೊಡಗಿದ.

ಗುರುವಾರ ಬೆಳಗಿನ ಚಳಿಯಲ್ಲಿ, ಬಯಲಿನ ಗುಡಿಸಲಲ್ಲಿ ರಾಮಲಕ್ಷ್ಮಮ್ಮ ತೀರಿಕೊಂಡಳು.

ಸುದ್ದಿ ಊರೊಳಗೆ ಹೊಕ್ಕಿದ್ದೇ ತಡ, ಪೇಟೆಯ ಅರ್ಧದಷ್ಟು ಅಂಗಡಿಗಳು ಬಾಗಿಲು ಹಾಕಿದವು. ಕೃಷ್ಣಗಿರಿಯ ಬಸ್ಸಿಗೆ ಜನ ಮುಗಿಬಿದ್ದರು. ಡಾಕ್ಟರು ಬಯಲಿಗೆ ಹೋಗಿ ಹೆಣದ ಕಂಕುಳು, ತೊಡೆಸಂದು ನೋಡಿ, "ಗಡ್ಡೆಯಿಲ್ಲ. ವಯಸ್ಸಾದ ಜೀವ, ಚಳಿ ಎದೆಗೆ ಹೊಡೆದಿದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಯಾರೂ ನಂಬಲಿಲ್ಲ. ಹೆಣ ಹೊರಲು ನಾಲ್ವರು ಸಿಗಲಿಲ್ಲ. ಒಂದು ಹೆಗಲು ಕೊಂಡಪ್ಪ ಕೊಟ್ಟ, ಇನ್ನೊಂದು ಅಶ್ವತ್ಥಪ್ಪ. ಹಿಂದೆ ಇಬ್ಬರು ಕಾನ್‌ಸ್ಟೇಬಲ್‌ಗಳು ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನಡೆದರು.

"ನಾನೇ ಕರ್ಕೊಂಬಂದು ಸಾಯಿಸ್ದೆ," ಎಂದ ಕೊಂಡಪ್ಪ ದಾರಿಯಲ್ಲಿ. "ಬ್ಯಾಡ ಕಣ್ಲಾ, ಚಳಿ ತಡ್ಯಕ್ಕಾಗಲ್ಲ ಅಂತ ಬಡ್ಕೊಂಡ್ಳು."

ಡಿಸೆಂಬರ್ ೧೪, ಶನಿವಾರ, ಬೆಳಿಗ್ಗೆ ಏಳು. ಅಂಜಮ್ಮ ಏದುಸಿರು ಬಿಡುತ್ತ ಠಾಣೆಗೆ ಬಂದಳು. ಒಣಗಿಸಿಟ್ಟಿದ್ದ ಎಲೆ ತರೋಣವೆಂದು ವಠಾರದ ಬಾಗಿಲವರೆಗೆ ಹೋಗಿದ್ದಳಂತೆ.

"ಕೊಂಡಪ್ಪನ ಮನೆ ಹೆಂಚಿನಿಂದ ಹೊಗೆ ಏಳ್ತಾಯ್ತೆ ಸ್ವಾಮಿ. ಮುದುಕಿ ತಿರ್ಗಾ ಬಂದು ಒಲೆ ಹಚ್ಚವ್ಳೆ ಅಂತ ಬೀದೀರೆಲ್ಲಾ ಅಂತಾವ್ರೆ."

ಅಶ್ವತ್ಥಪ್ಪ ಮೇಜಿನ ಮೇಲಿದ್ದ ದಾರವನ್ನೇ ನೋಡುತ್ತ ನಿಂತರು. ಅವರನ್ನು ಕಾಡಿದ್ದು ದೆವ್ವದ ಮಾತಲ್ಲ. ಇಡೀ ಊರು ಆ ಬೀದಿಗೆ ಕಾಲಿಡಲು ಹೆದರುವಾಗ ಆ ಮನೆಯೊಳಗೆ ಕೂತು ಒಲೆ ಹಚ್ಚುವವನು ಎಂಥವನು? ಅಲ್ಲಿ ಪ್ಲೇಗ್ ಇಲ್ಲವೆಂದು ಖಚಿತವಾಗಿ ಬಲ್ಲವನು. ಅದನ್ನು ಬಲ್ಲವನು ಒಬ್ಬನೇ ಇರಲು ಸಾಧ್ಯ.

ಹಾಗೆಂದು ತರ್ಕಿಸುವುದು ಸುಲಭ. ಮದರಾಸಿನ ತಂತಿ ಇನ್ನೂ ಬಂದಿರಲಿಲ್ಲ. ವಠಾರದ ಹೊಸ್ತಿಲಲ್ಲಿ ಅಶ್ವತ್ಥಪ್ಪನವರ ಕಾಲು ಒಮ್ಮೆ ತಡೆಯಿತು. ಹೊರಗೆ ಕಾನ್‌ಸ್ಟೇಬಲ್‌ಗಳು ಅವರ ಬೆನ್ನನ್ನೇ ನೋಡುತ್ತಿದ್ದರು. ಉಸಿರು ಬಿಗಿಹಿಡಿದು ಒಳಗೆ ಹೋದರು.

ಕೊಂಡಪ್ಪ ಬಾಗಿಲಿಗೆ ಸಿಕ್ಕಿಸಿ ಹೋಗಿದ್ದ ಬೇವಿನ ಸೊಪ್ಪು ಒಣಗಿ ನೇತಾಡುತ್ತಿತ್ತು. ಒಳಗೆ ನೆಲ ಗುಡಿಸಿತ್ತು. ಚಾಪೆಯ ಮೇಲೆ ಒಬ್ಬ ಹೆಂಗಸು ಮಲಗಿದ್ದಳು. ಮೈಯಲ್ಲಿ ಮೂಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಗಂಜಿ ತಿರುವುತ್ತಿದ್ದ ಗಂಡಸು ತಲೆಯೆತ್ತಿ ನೋಡಿದ. ಓಡಲಿಲ್ಲ.

"ಆವುಲಪ್ಪನಾ?"

"ಹೌದು ಸ್ವಾಮಿ."

"ಈ ಮನೇಲಿ ಇಲಿ ಬಿದ್ದಿದೆ. ನಿನಗೆ ಭಯ ಇಲ್ವಾ?"

ಹೆಂಗಸು ಕೆಮ್ಮತೊಡಗಿದಳು. ಆವುಲಪ್ಪ ಅವಳನ್ನು ಎಬ್ಬಿಸಿ ಎದೆಗೊರಗಿಸಿಕೊಂಡ. ಅವಳು ಬಾಯಿಗೊತ್ತಿಕೊಂಡ ಬಟ್ಟೆ ಕೆಂಪಾಯಿತು.

"ಕಾಲು ಚಾಚು," ಎಂದರು ಅಶ್ವತ್ಥಪ್ಪ.

ದಾರ ಪಾದಕ್ಕೆ ಸರಿಯಾಗಿ ಕೂತಿತು.

"ಇಲಿ ಎಲ್ಲಿಂದ ತಂದೆ?"

"ಯಜಮಾನ್ರ ಹೊಲ್ದಿಂದ. ಬೋನಿಗೆ ಬಿದ್ದಿದ್ವು. ನಮ್ಮೂರ್ದಲ್ಲ ಸ್ವಾಮಿ, ದೇವ್ರಾಣೆ. ನಮ್ಮೂರ್ದು ಮುಟ್ಟಿದ್ರೆ ಇವ್ಳು ಉಳೀತಾಳಾ?"

"ಲಕ್ಷ್ಮಣಪ್ಪ ಹೇಳಿದ್ನಾ?"

"ಇಲ್ಲ. ಒಂದು ಮನೆ ಕೊಡಿ ಅಂತ ಕೇಳಿದ್ದೆ. ಖಾಲಿಯಾದ್ರೆ ನಿಂಗೇ ಅಂದಿದ್ರು. ಸುಗ್ಗೀಲಿ ನನ್ ಪಾಲಿನ ರಾಗಿ ಕೊಡ್ಲಿಲ್ಲ, ಅದೇ ಮುಂಗಡ ಅಂದ್ರು. ಮಳೆಗಾಲ ಹೋಯ್ತು, ಚಳಿ ಬಂತು, ಖಾಲಿಯಾಗ್ಲೇ ಇಲ್ಲ."

"ಮುದುಕಿ ಸತ್ತಿದ್ದು ಗೊತ್ತಾ?"

ಅವನ ಕೈಯ ಸೌಟು ನಿಂತಿತು. "ಯಾವ ಮುದುಕಿ?"

ಅಶ್ವತ್ಥಪ್ಪ ಹೇಳಿದರು. ಆವುಲಪ್ಪ ಗಂಜಿಯನ್ನು ಒಲೆಯಿಂದಿಳಿಸಿ, ಆರಲೆಂದು ಅಗಲ ತಟ್ಟೆಗೆ ಬಗ್ಗಿಸಿ, ಹೆಂಡತಿಯ ಕೈಗೆ ಸಿಗುವಂತಿಟ್ಟು, ತಾನಾಗಿಯೇ ಎರಡು ಕೈ ಮುಂದೆ ಚಾಚಿದ. ಎಂಟೂಕಾಲಿಗೆ ದಸ್ತಗಿರಿಯಾಯಿತು.

ಮಧ್ಯಾಹ್ನ ಮದರಾಸಿನಿಂದ ತಂತಿ ಬಂತು: ಪ್ಲೇಗ್ ಇಲ್ಲ. ಡಾಕ್ಟರು ಮುತ್ತರಾಯಪ್ಪನಿಗೆ ಬಂದದ್ದು ಚಳಿಜ್ವರವೆಂದು ಕ್ವಿನೈನ್ ಕೊಟ್ಟರು. ಕಿಟಕಿಯಾಚೆ ನಿಂತಿದ್ದ ಪಾರ್ವತಮ್ಮ ಬಾಗಿಲು ದೂಡಿಕೊಂಡು ಒಳಗೆ ಬಂದು, ಮೊದಲು ಗಂಡನನ್ನು ಬೈದು, ಆಮೇಲೆ ಅತ್ತಳು. ರೋಗವೇ ಇಲ್ಲದ ಮೇಲೆ ೨೭೦ ನಿಲ್ಲುವಂತಿರಲಿಲ್ಲ. ಅಶ್ವತ್ಥಪ್ಪ ಅದನ್ನು ಹೊಡೆದುಹಾಕಿ, ಅಕ್ರಮ ಪ್ರವೇಶದ ಮತ್ತು ಸಾರ್ವಜನಿಕ ಉಪದ್ರವದ ಕಲಮುಗಳನ್ನು ಹಾಕಿದರು. ರಾಮಲಕ್ಷ್ಮಮ್ಮನ ಸಾವಿಗೆ ಹೊಂದುವ ಕಲಮು ಯಾವ ಪುಸ್ತಕದಲ್ಲೂ ಇರಲಿಲ್ಲ.

ಬಿಡುಗಡೆಯಾದ ಲಕ್ಷ್ಮಣಪ್ಪ ಹೊರಡುವ ಮೊದಲು, ಆವುಲಪ್ಪನ ಹೆಂಡತಿಯನ್ನು ವಠಾರದಿಂದ ಎಬ್ಬಿಸಿಕೊಡಬೇಕೆಂದು ಕೇಳಿಕೊಂಡ. ಆಕೆಯ ಹೆಸರು ಕನಕಮ್ಮ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

"ಮುಂಗಡ ಇಟ್ಕೊಂಡ್ರಾ?"

"ರಾಗಿ... ಇಟ್ಕೊಂಡೆ ಸ್ವಾಮಿ."

"ಇಲ್ಲದ ಮನೆಗೆ ಮುಂಗಡ. ಕೊಂಡಪ್ಪನ ಮನೆ ಕೊಂಡಪ್ಪನಿಗೆ ಬಿಡಿಸಿಕೊಡ್ತೀನಿ. ಆದ್ರೆ ಆಕೆಗೊಂದು ಜಾಗ ತೋರಿಸೋವರೆಗೂ ಊರಿಗೆ ಹೋಗ್ಬೇಡಿ. ಇಲ್ಲದಿದ್ರೆ ಮೋಸದ ಕೇಸು ನಿಮ್ಮ ಮೇಲೆ ಬರೀತೀನಿ."

ವಠಾರದ ಹಿತ್ತಿಲಲ್ಲಿ ಸೌದೆ ತುಂಬಿಡುವ ಒಂದು ಕೋಣೆಯಿತ್ತು. ಲಕ್ಷ್ಮಣಪ್ಪ ಸಂಜೆಯೊಳಗೆ ಅದನ್ನು ಖಾಲಿ ಮಾಡಿಸಿದ. ಬೇಕೆಂದಿದ್ದರೆ ಅದು ಯಾವತ್ತೋ ಖಾಲಿಯಾಗುತ್ತಿತ್ತು.

ಸೋಮವಾರ ಆವುಲಪ್ಪನನ್ನು ಕೃಷ್ಣಗಿರಿಯ ಸಬ್ ಜೈಲಿಗೆ ಒಯ್ಯಲು ಬಸ್ಸಿಗೆ ಹತ್ತಿಸಿದರು. ಪಕ್ಕದಲ್ಲಿ ಕೂತ ಕಾನ್‌ಸ್ಟೇಬಲ್‌ಗೆ ಕೇಳದೆ ಇರಲಾಗಲಿಲ್ಲ. "ಅಲ್ಲ ಕಣಯ್ಯ, ಬೇಕಾಗಿದ್ದಿದ್ದು ಒಂದು ಕೋಣೆ. ಅದಕ್ಕೆ ಊರನ್ನೇ ಹಿಂಗೆ ಹೆದರಿಸೋದಾ?"

ಆವುಲಪ್ಪ ಕೋಳದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ: "ಆಸ್ಪತ್ರೆ ಹತ್ರ ಇರ್ಬೇಕು ಅಂದ್ರು ಡಾಕ್ಟ್ರು. ಛತ್ರದಾಗೆ ಮಲಗಿದ್ವಿ, ಕೆಮ್ಮು ಕೇಳಿ ಎಬ್ಬಿಸಿದ್ರು. ಹುಣಿಸೆ ಮರದ ಕೆಳಗಿದ್ವಿ, ಅಲ್ಲೂ ಕಲ್ಲು ಬೀರಿದ್ರು. ಊರಿಗೂರೇ ಇವ್ಳನ್ನ ಕಂಡು ಹೆದರ್ತಿತ್ತು ಸ್ವಾಮಿ. ನಾಕು ದಿನ ಇನ್ನೊಂದ್ಕೆ ಹೆದ್ರಿದ್ರೆ ಇವ್ಳು ಸೂರಿನ ಕೆಳಗೆ ಮಲಗ್ತಾಳೆ ಅಂದ್ಕೊಂಡೆ."

ಕಾನ್‌ಸ್ಟೇಬಲ್ ಕಿಟಕಿಯಾಚೆ ನೋಡಿದ. ಸ್ವಲ್ಪ ಹೊತ್ತಿನ ಮೇಲೆ, ತನಗೇ ತಿಳಿಯದಂತೆ, ಕೆಮ್ಮುವ ಹೆಂಡತಿಯನ್ನು ಅಷ್ಟು ದಿನ ಹೊತ್ತ ಆ ಹೆಗಲಿನಿಂದ ಒಂದು ಗೇಣು ಆಚೆಗೆ ಸರಿದು ಕೂತ.