ಮೈಕಿನ ಮೇಲಿನ ಉಗುಳು

"ಸಾರ್, ಫೈಲ್ ಕರಪ್ಟ್ ಆಗಿದೆ. ಇನ್ನೊಂದ್ಸಲ ಕಳ್ಸಿ."

ಭಾನುಪ್ರಿಯಾಳ ಮೆಸೇಜು ನೋಡಿ ಅಂಜನ್‌ಕುಮಾರ್ ಹಾಡಿನ ಫೈಲನ್ನು ಮತ್ತೆ ಕಳಿಸಿದ. ಮತ್ತದೇ ಬೋರ್‌ವೆಲ್ ಮೋಟಾರು ಸುಟ್ಟುಹೋಗುವಂಥ ಸದ್ದು, ಅದರೊಳಗೆ ಯಾರದೋ ಕಿರುಚಾಟ. ಅದು ಅವನ ಬ್ಯಾಂಡಿನ ಮೊದಲ ಆಲ್ಬಮ್, ಬ್ಲ್ಯಾಕ್ ಮೆಟಲ್ ಎಂಬ ಆ ಸಂಗೀತ ಹೀಗೇ ಇರಬೇಕು ಎಂದು ತಿಳಿದಾಗ ಅವಳಿಗೆ ನಗು ಬರಲಿಲ್ಲ, ವಾಕರಿಕೆ ಬಂತು.

ಕುಣಿಗಲ್‌ನಲ್ಲಿ ಭಾನುಪ್ರಿಯಾಳ ಅಪ್ಪ ಕದರಯ್ಯನದು ಸೌಂಡ್ ಸರ್ವಿಸ್. ಮದುವೆಯಿರಲಿ, ಹರಿಕಥೆಯಿರಲಿ, ಮಿಕ್ಸರ್ ಮುಂದೆ ಕೂರುವವಳು ಅವಳೇ. ಹಾಗೆ ಹೋದ ಒಂದು ಸ್ಕೂಲ್ ಡೇಯಲ್ಲಿ ಅಮೃತೂರಿನ ಸೈನ್ಸ್ ಮೇಷ್ಟ್ರು ಅಂಜನ್ ಸಿಕ್ಕಿದ್ದು. ಇಸ್ತ್ರಿ ಮಾಡಿದ ಶರ್ಟು, ಮೆಲುಮಾತು, ಕದ್ದು ನೋಡಿ ತಟ್ಟನೆ ಬೇರೆ ಕಡೆ ತಿರುಗುವ ಕಣ್ಣು. ಹೋದ ತಿಂಗಳು ಅವಳು ಕೇಬಲ್ ಸುತ್ತುತ್ತಿದ್ದಾಗ ಇನ್ನೊಂದು ತುದಿ ಹಿಡಿದುಕೊಂಡು, "ನಿಮ್ಮಪ್ಪನ್ನ ಬಂದು ಕೇಳ್ಲಾ?" ಅಂದಿದ್ದ.

"ಮೊದ್ಲು ನಿಮ್ ಪ್ರೋಗ್ರಾಂ ನೋಡ್ತೀನಿ, ಆಮೇಲ್ ಹೇಳ್ತೀನಿ," ಅಂದಿದ್ದಳು.

ಆ ಪ್ರೋಗ್ರಾಂ ಇವತ್ತು, ತುಮಕೂರಿನ ಒಂದು ಖಾಲಿ ಗೋಡೌನಿನಲ್ಲಿ, ಮಟಮಟ ಮಧ್ಯಾಹ್ನ. ಸೌಂಡ್ ಅವಳದೇ.

ಒಳಗೆ ಕಾಲಿಟ್ಟವಳೇ ವೇಲ್ ಮೂಗಿಗೆ ಒತ್ತಿಕೊಂಡಳು. ಸ್ಟೇಜಿನಲ್ಲಿ ಒಂದು ಸ್ಟೂಲು, ಅದರ ಮೇಲೆ ಕುರಿಯ ತಲೆ. ಗಿಟಾರ್ ನುಡಿಸುವ ಗುಬ್ಬಿಯ ಗುರುಪ್ರಕಾಶ ಮೊನ್ನೆಯಿಂದ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದನಂತೆ. ನೊಣಗಳಿಗೆ ಹಬ್ಬವೋ ಹಬ್ಬ.

"ಇದ್ಯಾಕ್ರೀ?"

"ವಾಸ್ನೆಗೆ. ಈ ಮ್ಯೂಸಿಕ್‌ನಲ್ಲಿ ಹಿಂಗೆಲ್ಲಾ ಇಡ್ತಾರೆ," ಅಂದ ಅಂಜನ್, ಅವಳ ಮುಖ ನೋಡದೆ.

ಅವನ ಮುಖಕ್ಕೆ ಸುಣ್ಣ ಬಳಿದಂಥ ಬಿಳಿ, ಕಣ್ಣಸುತ್ತ ಕಾಡಿಗೆ. ಹಾಡು ಶುರುವಾದ ಮೇಲೆ ಬೆವರಿಗೆ ಎರಡೂ ಕಲಸಿಹೋಗಿ ಗಲ್ಲದಿಂದ ಮೈಕಿನ ಮೇಲೆ ತೊಟ್ಟಿಕ್ಕಿತು. ಕಿರುಚಿದಾಗಲೆಲ್ಲ ಉಗುಳು ಹಾರಿ ಜಾಲರಿಗೆ ಅಂಟುತ್ತಿತ್ತು. ಹರಿಕಥೆ ದಾಸರು ಹಿಡಿಯುವ ಮೈಕು ಅದು, ಅಪ್ಪ ಒಗೆದ ಟವಲಿನಲ್ಲಿ ಸುತ್ತಿಡುವ ಮೈಕು. ಥೂ, ಇಂಥವನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುವುದಾದರೂ ಹೇಗೆ? ಮುಗಿದ ತಕ್ಷಣ ಬೇಡ ಅಂತ ಹೇಳಿ ಸಾಮಾನು ಕಟ್ಟುವುದೇ ಸರಿ ಎಂದುಕೊಂಡಳು.

ಆದರೆ ಸೌಂಡ್ ಕೆಟ್ಟರೆ ಸುಮ್ಮನಿರುವ ಕೈಗಳಲ್ಲ ಅವು. ಮುಂದಿನ ಹಾಡಿಗೆ ಅಭ್ಯಾಸಬಲದಿಂದ ಕರಕರ ಅನ್ನುವುದನ್ನೆಲ್ಲ ಇಳಿಸಿದಳು. ಗಿಟಾರ್ ತಗ್ಗಿಸಿದಳು. ಹರಿಕಥೆಗೆ ಕೊಡುವಂತೆ ದನಿಗೆ ಒಂಚೂರು ಎಕೋ ಕೊಟ್ಟಳು. ಕಿರುಚಾಟದೊಳಗಿಂದ ಕನ್ನಡ ಹೊರಬಂತು.

"ಬೆನ್ನಿನ ಹುಣ್ಣು ಒರೆಸುವಾಗ ಅಂದಳಮ್ಮ, ಮೂಗು ಮುಚ್ಕೋ ಮಗನೇ. ಬಂದೋರೆಲ್ಲ ಮುಚ್ಕೊಂಡ್ರು, ನೀನೂ ಮುಚ್ಕೋ ಮಗನೇ. ಮುಚ್ಚಲ್ಲ ಕಣಮ್ಮಾ, ಮುಚ್ಚಲ್ಲ."

ಅವನ ತಾಯಿ ಗಿರಿಯಮ್ಮ ವರ್ಷಗಟ್ಟಲೆ ಹಾಸಿಗೆ ಹಿಡಿದು ತೀರಿಕೊಂಡದ್ದು ಭಾನುಪ್ರಿಯಾಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಮೂಗಿನ ಮೇಲಿದ್ದ ವೇಲ್ ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಕೆಳಗಿಳಿಸಿದಳು. ನಾತ ರಪ್ಪೆಂದು ಹೊಡೆಯಿತು, ಆದರೂ ಮತ್ತೆ ಮುಚ್ಚಿಕೊಳ್ಳಲಿಲ್ಲ.

ಹಾಡು ಮುಗಿದದ್ದೇ ಅಂಜನ್ ಮೈಕು ಹಿಡಿದುಕೊಂಡೇ ಇಳಿದು ಬಂದ.

"ಯಾಕ್ರೀ ಸೌಂಡ್ ಕ್ಲೀನ್ ಮಾಡಿದ್ರಿ? ಮಾತು ಯಾರ್ಗೂ ಕೇಳಿಸ್ಬಾರ್ದು ಅಂತಾನೇ ಅಷ್ಟು ಗದ್ಲ ಇಟ್ಟಿದ್ದು."

"ನಂಗೆ ಕೇಳಿಸ್ತು."

ಅವನು ತಲೆ ತಗ್ಗಿಸಿದ. "ಹಂಗಾದ್ರೆ ಬೇಡ ಅಂತೀರಾ?"

"ಈ ಮ್ಯೂಸಿಕ್ ನಂಗೆ ಅಸಹ್ಯ ಕಣ್ರೀ. ಇವತ್ತೂ ಅಷ್ಟೇ, ನಾಳೇನೂ ಅಷ್ಟೇ."

"ಹೂಂ."

"ಆ ತಲೇನ ಮೊದ್ಲು ಮಣ್ಣಿಗೆ ಹಾಕ್ಸಿ. ಭಾನ್ವಾರ ಸ್ನಾನ ಮಾಡ್ಕೊಂಡು ಅಪ್ಪನ್ ಹತ್ರ ಬನ್ನಿ."

ಅವನು ಕಣ್ಣೆತ್ತಿದ. ಈ ಸಲ ಬೇರೆ ಕಡೆ ತಿರುಗಲಿಲ್ಲ. ಭಾನುಪ್ರಿಯಾ ಅವನ ಕೈಯಿಂದ ಒದ್ದೆ ಮೈಕು ತೆಗೆದುಕೊಂಡಳು. ಇಷ್ಟು ಹೊತ್ತು ಮೂಗಿಗಿದ್ದ ವೇಲಿನ ತುದಿಯಿಂದ ಉಗುಳು ಒರೆಸಿದಳು, ಅದೇ ತುದಿಯಿಂದ ಅವನ ಗಲ್ಲವನ್ನೂ ಒರೆಸಿದಳು.