ದೋಣಿ ತಡವಾಗಲಿ ಎಂದವಳು

"ಚಪ್ಪಲಿ ಕಳಚಿ! ಬಟ್ಟೆ ಹಾಸಿದ್ದು ಕಾಣುವುದಿಲ್ವಾ?"

ನವ್ಯಶ್ರೀಯ ಕೂಗಿಗೆ ಆ ಯುವಕ ಎತ್ತಿದ ಕಾಲನ್ನು ಇಳಿಸದೆ ಹಾಗೆಯೇ ನಿಂತುಬಿಟ್ಟ. ಹೆಗಲ ಮೇಲೆ ದೊಡ್ಡದೊಂದು ಬಿಳಿ ಬಟ್ಟೆಯ ಸುರುಳಿ. ಬೀಳುತ್ತಾನೋ ಏನೋ ಎಂದು ಅವಳಿಗೇ ಭಯವಾಯಿತು!

ಕಾಪು ಪೇಟೆಯ ಆ ಟರ್ಪಾಲು ಅಂಗಡಿ ಅವಳ ಅಪ್ಪ ಚಂದು ಅವರದು. ಎರ್ಮಾಳಿನ ಮೀನುಗಾರರ ಮನೆತನ. ಬೆನ್ನುನೋವಿನಿಂದ ಕಡಲು ಬಿಟ್ಟ ಮೇಲೆ ಅವರು ಕತ್ತರಿ ಹಿಡಿದಿದ್ದರು. ಹೊಲಿಗೆಯೆಲ್ಲ ಮಗಳದು.

"ಎಂತ ಇದು, ಶಾಮಿಯಾನವಾ?"

"ಅಲ್ಲ, ಹಾಯಿ. ಹರಿದಿದೆ, ಹೊಲಿಯಬೇಕಿತ್ತು. ದೋಣಿ ಕೊಚ್ಚಿಯಲ್ಲಿ ಉಂಟು. ಹಳೆಯದು, ಮೊನ್ನೆ ತೆಗೆದುಕೊಂಡೆ. ಗಾಳಿಯಲ್ಲೇ ಊರಿಗೆ ತರಬೇಕು ಅಂತ..."

"ಊರು ಯಾವುದು?"

"ಕಾರ್ಕಳ."

ನವ್ಯಶ್ರೀಗೆ ನಗು ತಡೆಯಲಾಗಲಿಲ್ಲ. "ಕಡಲೇ ಇಲ್ಲದ ಕಾರ್ಕಳಕ್ಕೆ ಹಾಯಿದೋಣಿಯಾ! ಹಿರಿಯಡ್ಕದಲ್ಲಿ ಬಸ್ಸಿಗೆ ಸೈಡ್ ಕೊಡುತ್ತೀರಾ?"

ಅವನೂ ನಕ್ಕ. ಹೆಸರು ಲಕ್ಷಿತ್. ಮಣಿಪಾಲದ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಕೆಲಸ. ದೋಣಿಯನ್ನು ಕಾಪುವಿನ ಹತ್ತಿರ ಹೊಳೆಯಲ್ಲಿ ಕಟ್ಟಿಟ್ಟು, ಆಮೇಲೆ ಗುಜರಾತಿನವರೆಗೆ ಹೋಗುವುದು ಅವನ ಕನಸು.

"ಒಬ್ಬರೇ?"

"ಒಬ್ಬನೇ. ಅದರಲ್ಲೇ ಮಜಾ ಇರುವುದು ಅಲ್ವಾ?"

ಅವಳು ಅವನ ಕಣ್ಣುಗಳ ಹೊಳಪನ್ನು ಮಾತ್ರ ನೋಡಿದಳು. ನೋಡಬಾರದಿತ್ತೇನೋ...

ಮುಂದಿನ ವಾರವೇ ಲಾಕ್‌ಡೌನ್ ಬಂತು.

ಹಾಯಿ ಹೊಲಿದು ಮುಗಿಯಿತು. ಒಯ್ಯಲು ಯಾರೂ ಇಲ್ಲ. ಅದು ಅಂಗಡಿಯ ಮೂಲೆ ಸೇರಿತು. ಅವಳು ಮಾಸ್ಕ್ ಹೊಲಿಯಲು ಕೂತಳು. ಸಂಜೆಯಾದರೆ ಲಕ್ಷಿತ್‌ನ ಫೋನ್.

"ಪಾಸ್ ಸಿಗಲಿಲ್ಲ. ಗಡಿ ಬಂದ್ ಅಂತೆ."

"ಹೌದಾ... ಹಾಗಾದರೆ ಮುಂದೆ?"

"ಮುಂದೆ ಎಂತ, ಪ್ಲಾನ್ ಮಾಡುವುದು! ಮ್ಯಾಪ್ ಬಿಡಿಸಿದ್ದೇನೆ. ಕೊಚ್ಚಿ ಬಿಟ್ಟರೆ ಮೊದಲು ಬೇಪೂರು, ಆಮೇಲೆ ಕಣ್ಣೂರು..."

"ಊಟಕ್ಕೆ ಎಂತ?"

"ಅವಲಕ್ಕಿ."

"ಸುತ್ತ ಕಡಲು ತುಂಬ ಮೀನು ಇಟ್ಟುಕೊಂಡು ಅವಲಕ್ಕಿಯಾ? ನಿಮ್ಮ ದೋಣಿಗೇ ನಾಚಿಕೆ ಆದೀತು ಮಾರಾಯ್ರೆ!"

ಹೀಗೆ ಒಂದೊಂದು ಸಂಜೆ ಒಂದೊಂದು ಬಂದರು. ಹೊರಡದ ಪ್ರಯಾಣವನ್ನು ಇಬ್ಬರೂ ಎಷ್ಟೋ ಸಲ ಮಾಡಿ ಮುಗಿಸಿದ್ದರು!

ಮಳೆಗಾಲ ಕಳೆಯಿತು. ಗಡಿಯೂ ತೆರೆಯಿತು. "ಚುಕ್ಕಾಣಿಯ ಒಂದು ಪಾರ್ಟ್ ಹೊರಗಿನಿಂದ ಬರಬೇಕು, ಇನ್ನೂ ಬಂದಿಲ್ಲ" ಎಂದ ಲಕ್ಷಿತ್. ಅದನ್ನು ಕೇಳಿದಾಗ ನವ್ಯಶ್ರೀಯ ಎದೆ ಹಗುರಾಯಿತು.

ಹಗುರಾದದ್ದು ತಿಳಿದೇ ಅವಳು ಬೆಚ್ಚಿದಳು.

ಊರೆಲ್ಲ ಕಷ್ಟದಲ್ಲಿದೆ. ಪಕ್ಕದ ಮನೆಯ ಕಮಲಕ್ಕ ಇನ್ನೂ ಆಸ್ಪತ್ರೆಯಲ್ಲಿ. ನನಗೆ ಮಾತ್ರ ತಡವಾದಷ್ಟೂ ಸಮಾಧಾನ! ದೋಣಿ ಬಂದರೆ ಅವರು ಹೊರಟುಹೋಗುತ್ತಾರೆ ಎಂದು ತಾನೆ? ಇಷ್ಟೊಂದು ಸ್ವಾರ್ಥಿಯಾ ನಾನು?

ಮತ್ತೊಂದು ಬೇಸಗೆ ಬಂತು. ಕಾಯಿಲೆ ಮತ್ತೆ ಏರತೊಡಗಿದ ದಿನಗಳಲ್ಲೇ ಲಕ್ಷಿತ್ ಅಂಗಡಿಗೆ ಬಂದ. ಮಾಸ್ಕಿನ ಮೇಲಿನ ಕಣ್ಣುಗಳಲ್ಲಿ ಅವಸರ.

"ಹಾಯಿ ಕೊಡಿ. ಮಳೆಗಾಲಕ್ಕೆ ಮುಂಚೆ ದೋಣಿ ತೆಗೆಯದಿದ್ದರೆ ಅದನ್ನು ಇಟ್ಟಿರುವ ಕೊಚ್ಚಿಯ ಯಾರ್ಡಿನವರು ಬಾಡಿಗೆ ಬಾಕಿಗೆ ಬೇರೆಯವರಿಗೆ ಮಾರುತ್ತಾರಂತೆ."

ಚಂದು ತಲೆಯಾಡಿಸಿದರು. "ಮೇ ತಿಂಗಳ ಕಡಲು, ನಂಬಲಿಕ್ಕೆ ಆಗುವುದಿಲ್ಲ. ನಾನೂ ಎಷ್ಟೋ ಸಲ ಲೆಕ್ಕ ತಪ್ಪಿದವನೇ. ಆದರೂ ಈಗ ಬೇಡ ಅನಿಸುತ್ತದೆ." ಹೇಳಿ ಒಳಗೆ ಹೋದರು.

"ನೀವು ಎಂತ ಹೇಳುತ್ತೀರಿ?" ಲಕ್ಷಿತ್ ಅವಳತ್ತ ತಿರುಗಿದ.

ಬೇಡ ಎನ್ನಬೇಕು. ಆದರೆ ಆ ಮಾತು ಗಾಳಿಗೆ ಹೆದರಿ ಬರುತ್ತಿದೆಯೋ, ಅವನನ್ನು ಕಳೆದುಕೊಳ್ಳುವ ಭಯಕ್ಕೋ?

"ಹೋಗಬೇಡಿ..." ಎಂದಳು.

"ಪ್ರತಿ ಸಲ ತಡ ಆದಾಗ ನಿಮ್ಮ ಧ್ವನಿಯಲ್ಲಿ ಒಂದು ಖುಷಿ ಇರುತ್ತಿತ್ತು. ಈ ದೋಣಿ ಬರುವುದೇ ನಿಮಗೆ ಬೇಡ. ಹೌದಲ್ವಾ?"

ಸುಳ್ಳು ಹೇಳಲು ಅವಳಿಗೆ ಬರಲಿಲ್ಲ. ನಿಜ ಹೇಳಲು ಧೈರ್ಯ ಬರಲಿಲ್ಲ. ತಲೆ ತಗ್ಗಿಸಿದಳು.

"ಅರ್ಥ ಆಯಿತು. ಇಷ್ಟು ದಿನ ನನ್ನ ಹುಚ್ಚು ಕೇಳಿ ಕೇಳಿ ಬೇಸತ್ತಿರಬೇಕು ನೀವು."

ಹಾಯಿಯನ್ನು ಹೆಗಲಿಗೇರಿಸಿ ಅವನು ಹೊರಟೇಬಿಟ್ಟ. ಹಾಗಲ್ಲ ಎಂದು ಅವಳು ಕೂಗಿದ್ದು ಮನಸ್ಸಿನೊಳಗೇ!

ಕೆಲವೇ ದಿನಗಳಲ್ಲಿ ಚಂಡಮಾರುತದ ಸುದ್ದಿ. ಎರ್ಮಾಳಿನಲ್ಲಿ ಕಡಲು ತೆಂಗಿನ ಮರಗಳನ್ನು ಬುಡಸಹಿತ ಎಳೆದುಕೊಂಡು ಹೋಯಿತು. ಲಕ್ಷಿತ್‌ನ ಫೋನ್ ಸ್ವಿಚ್ ಆಫ್. ಬೆಳಿಗ್ಗೆ ಮಾಡಿದಳು, ಸಂಜೆ ಮಾಡಿದಳು... ಸ್ವಿಚ್ ಆಫ್.

ನನಗೆ ನಿಮ್ಮ ಮೇಲೆ ಪ್ರೀತಿ, ಅದಕ್ಕೇ ಬೇಡ ಎಂದೆ. ಇಷ್ಟು ಹೇಳಿದ್ದರೆ ನಿಲ್ಲುತ್ತಿದ್ದರೋ ಏನೋ...

ಗಾಳಿ ನಿಂತ ಮೂರನೆಯ ಬೆಳಿಗ್ಗೆ, ಅರ್ಧ ಎಳೆದ ಶಟರಿನ ಕೆಳಗೆ ಎರಡು ಕಾಲು ಕಂಡವು. ಆಮೇಲೆ ಬಗ್ಗಿದ ಮುಖ.

ಲಕ್ಷಿತ್!

"ಎಲ್ಲಿದ್ದಿರಿ?" ಅವಳ ಧ್ವನಿ ಒಡೆಯಿತು.

"ಕೊಚ್ಚಿಯಲ್ಲೇ. ಫೋನ್ ನೀರಿಗೆ ಬಿತ್ತು. ಅಂಗಡಿಗಳೆಲ್ಲ ಬಂದ್. ನಿನ್ನೆ ತರಕಾರಿ ಲಾರಿ ಹತ್ತಿ ಬಂದೆ."

"ಬೇರೆಯವರ ಫೋನ್ ಇರಲಿಲ್ವಾ?"

"ನಂಬರ್ ಬಾಯಿಪಾಠ ಇರಲಿಲ್ಲ..."

"ಒಂದು ವರ್ಷ ದಿನಾ ಫೋನ್ ಮಾಡಿ ನಂಬರ್ ಗೊತ್ತಿಲ್ಲ! ಇವರು ಗುಜರಾತಿಗೆ ದಾರಿ ಹುಡುಕುವವರು!" ಬೈಯುತ್ತಾ ಬೈಯುತ್ತಾ ಅತ್ತುಬಿಟ್ಟಳು.

"ಹಾಯಿ ಕಟ್ಟಿದ್ದೆ. ಹೊರಡಬೇಕು ಅನ್ನುವಾಗ ನಿಮ್ಮ ಮುಖ ನೆನಪಾಯಿತು. ಬೇಸತ್ತವರ ಮುಖ ಹಾಗಿರುವುದಿಲ್ಲ ಅನಿಸಿತು. ಬಿಚ್ಚಿಬಿಟ್ಟೆ."

ಅವಳು ಕಣ್ಣೊರೆಸಿಕೊಂಡಳು. ಈಗಲೂ ಹೇಳದಿದ್ದರೆ ಇನ್ನೆಂದು?

"ನೀವು ಕೇಳಿದ್ದು ನಿಜ. ದೋಣಿ ಬರುವುದು ನನಗೆ ಬೇಡವಾಗಿತ್ತು. ಬಂದರೆ ನೀವು ಹೋಗುತ್ತೀರಲ್ಲ... ಜನ ಸಾಯುತ್ತಿರುವಾಗ ನಾನು ತಡವಾಯಿತು ಅಂತ ಸಂತೋಷಪಟ್ಟೆ. ಇಂಥವಳು ನಾನು."

ಲಕ್ಷಿತ್ ಚಪ್ಪಲಿ ಕಳಚಿ ಒಳಗೆ ಬಂದ.

"ಆ ಚುಕ್ಕಾಣಿಯ ಪಾರ್ಟ್ ದೀಪಾವಳಿಗೇ ಬಂದಿತ್ತು."

"ಎಂತ?"

"ಆಮೇಲೂ ಬಂದಿಲ್ಲ ಅಂತ ಸುಳ್ಳು ಹೇಳುತ್ತಲೇ ಇದ್ದೆ. ದೋಣಿ ಬಂದುಬಿಟ್ಟರೆ ಸಂಜೆ ಫೋನ್ ಮಾಡಲಿಕ್ಕೆ ಕಾರಣವೇ ಇರುವುದಿಲ್ಲ ಅಲ್ವಾ?"

ಅಳುವಿನ ನಡುವೆ ಅವಳಿಗೆ ನಗು ಬಂತು. ಒಳಗಿನಿಂದ ಚಂದು ಕೆಮ್ಮಿದರು. "ಲಾರಿಯಲ್ಲಿ ಬಂದವರು ಮೊದಲು ಕೈಗೆ ಸ್ಯಾನಿಟೈಸರ್ ಹಾಕಿ. ಉಳಿದದ್ದು ಆಮೇಲೆ!"

ಲಕ್ಷಿತ್ ವಿಧೇಯನಾಗಿ ಕೈ ಉಜ್ಜಿಕೊಂಡ. ಮತ್ತೆ ದನಿ ತಗ್ಗಿಸಿದ.

"ಮತ್ತೆ ಲಾಕ್‌ಡೌನ್ ಆದ ಮೇಲೆ ಯಾರ್ಡಿನವರೂ ಮೆತ್ತಗಾಗಿದ್ದಾರೆ. ಮಳೆ ಕಳೆದು ಬನ್ನಿ ಅಂದರು. ಒಬ್ಬನೇ ಹೋಗುವ ಆಸೆ ಈಗ ಇಲ್ಲ ನವ್ಯಾ. ಮದುವೆಯಾಗಿ ಇಬ್ಬರೂ ಹೋಗಿ ತರುವಾ?"

ಅವಳ ಕಿವಿ ಕೆಂಪಾಯಿತು. "ಒಂದು ತೊಂದರೆ ಉಂಟು. ದೋಣಿ ಹತ್ತಿದರೆ ನನಗೆ ವಾಂತಿ ಬರುತ್ತದೆ."

"ಎರ್ಮಾಳಿನವರಿಗಾ!"

"ಮೆಲ್ಲ ಮಾತಾಡಿ! ಊರಿನವರು ಕೇಳಿದರೆ ನಗುತ್ತಾರೆ."

"ಹಾಗಾದರೆ ದಡದ ಹತ್ತಿರವೇ ದೋಣಿ ಬಿಡುತ್ತೇನೆ. ಸಾಕು ಅನಿಸಿದಲ್ಲೆಲ್ಲ ಇಳಿಯುವ."

"ಹಾಗೆ ಬಂದರೆ ಕಾಪು ಮುಟ್ಟುವುದು ಯಾವಾಗ?"

"ತುಂಬ ತಡ ಆಗುತ್ತದೆ."

ಅವಳು ಮೊದಲ ಬಾರಿಗೆ ಅವನ ಕೈ ಹಿಡಿದಳು.

"ಆಗಲಿ."